ಡಿಶ್ಶಿನ ಕಾಲು ಯಾರ ಜಾಗದಲ್ಲಿದೆ?

ತಿಂಗಳ ಕಾಗದದ ಕಟ್ಟು ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಪಾಲುಪಟ್ಟಿ, ಪೌತಿ ಖಾತೆ, ಬೌನ್ಸ್ ಆದ ಚೆಕ್ಕು, ಹೊಲಕ್ಕೆ ಹೋಗುವ ದಾರಿಯ ಜಗಳ. ಈ ಸಲ ಐದು ಕಾಗದ ಟಿ.ವಿ. ಆಂಟೆನಾ ಮೇಲೇ ಬಂದಿವೆ. ನನಗಂತೂ ಒಳಗೊಳಗೇ ಖುಷಿ. ಕರಿ ಕೋಟು ತೊಡುವ ಮುಂಚೆ ನಾನು ದಾವಣಗೆರೆಯ ಅಶೋಕ ರಸ್ತೆಯ ಒಂದು ರೇಡಿಯೊ ಅಂಗಡಿಯಲ್ಲಿ ಆಂಟೆನಾ ಕಟ್ಟುವ ಹುಡುಗನಾಗಿದ್ದೆ. 1987ರ ವಿಶ್ವಕಪ್ ಕ್ರಿಕೆಟ್ ಹೊತ್ತಿಗೆ ದಿನಕ್ಕೆ ನಾಲ್ಕು ಮನೆಯ ಮಾಳಿಗೆ ಹತ್ತಿದ್ದೂ ಉಂಟು. ಮೇಲೆ ನಾನು ಪೈಪು ಹಿಡಿದು ತಿರುಗಿಸಬೇಕು, ಕೆಳಗೆ ಟಿ.ವಿ. ಮುಂದೆ ಮನೆ ಯಜಮಾನರು, ನಡುವೆ ಮೆಟ್ಟಿಲ ಮೇಲೆ ನಿಂತ ಮಗು ಸುದ್ದಿ ದಾಟಿಸಬೇಕು: 'ಬಂತು... ಬಂತು... ಹೋತು! ಹಿಂದಕ್ ತಿರುಗ್ಸಬೇಕಂತೆ!' ಆಗ ಯಾವ ಸಂಘವೂ ಬಂದು ತಕರಾರು ತೆಗೆದದ್ದಿಲ್ಲ. ಪಕ್ಕದ ಮನೆಯವರು ಮುಖ ಊದಿಸಿಕೊಳ್ಳುತ್ತಿದ್ದದ್ದು ತಮ್ಮ ಆಂಟೆನಾಕ್ಕಿಂತ ಇವರದು ಎರಡಡಿ ಎತ್ತರವಾಯಿತಲ್ಲ ಎಂದು ಅಷ್ಟೆ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಅಮೆರಿಕದ ಟೆಕ್ಸಾಸಿಗೆ ಹೋಗಿ ಆರು ತಿಂಗಳಿದ್ದು ಬಂದೆ. ಮಗಳು ಅಳಿಯ ಅಲ್ಲಿ ಸ್ವಂತ ಮನೆ ತಗೊಂಡಿದ್ದಾರೆ. ಕೇಬಲ್ಲಿನ ಬಿಲ್ಲು ಜಾಸ್ತಿ ಅಂತ ಅಳಿಯ ಸೂರಿನ ಮೇಲೆ ನಮ್ಮ ಹಳೇ ಕಾಲದ ಥರದ್ದೇ ಒಂದು ಕಡ್ಡಿ ಆಂಟೆನಾ ನಿಲ್ಲಿಸಿದರು. ನಮ್ಮ ದೇಶದ ಚಾನೆಲ್ ನೋಡೋಕೆ ಪಕ್ಕದಲ್ಲೇ ಒಂದು ಸಣ್ಣ ಡಿಶ್ಶು. ಹದಿನೈದು ದಿನಕ್ಕೆ ಬಡಾವಣೆಯ ಸಂಘದಿಂದ ಕಾಗದ ಬಂತು. ಅನುಮತಿ ತಗೊಂಡಿಲ್ಲ, ಬೀದಿಯ ಅಂದ ಕೆಡುತ್ತದೆ, ಹತ್ತು ದಿನದೊಳಗೆ ತೆಗೆಯದಿದ್ದರೆ ದಿನಕ್ಕೆ 25 ಡಾಲರ್ ದಂಡ ಅಂತ. ಮಗಳು ಹೆದರಿ ತೆಗೆಸಿಬಿಡೋಣ ಅಂತಾಳೆ. ಅಳಿಯ ಮಾತಾಡಲ್ಲ, ತೆಗೆಯೋದೂ ಇಲ್ಲ. ಸ್ವಂತ ಮನೆ ಮೇಲೆ ಒಂದು ಕಡ್ಡಿ ನಿಲ್ಲಿಸೋಕೂ ಬಿಡಲ್ಲ ಅಂದರೆ ಅದೆಂಥಾ ಸ್ವಂತ ಮನೆ ವಕೀಲರೇ?
- ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಅಳಿಯಂದಿರು ಆಂಟೆನಾ ತೆಗೆಯದೇ ಇರುವುದು ಸರಿ ತಾಯಿ. ಮಾತಾಡದೇ ಇರುವುದು ಮಾತ್ರ ಸರಿಯಲ್ಲ. ಕಾಗದಕ್ಕೆ ಕಾಗದವೇ ಉತ್ತರ.

ಅಲ್ಲಿ ಇಂಥ ಬಡಾವಣೆಗಳಲ್ಲಿ ಮನೆ ಕೊಂಡರೆ ಸಂಘದ ಸದಸ್ಯತ್ವವೂ ಮನೆಯ ಜೊತೆಗೇ ಕೊರಳಿಗೆ ಬೀಳುತ್ತದೆ. ಅಂಗಳದ ಹುಲ್ಲು ಎಷ್ಟುದ್ದ ಇರಬೇಕು, ಬಾಗಿಲಿಗೆ ಯಾವ ಬಣ್ಣ, ಕಸದ ಡಬ್ಬಿ ಎಷ್ಟೊತ್ತಿಗೆ ಒಳಗೆ ಹೋಗಬೇಕು, ಎಲ್ಲದಕ್ಕೂ ನಿಯಮ. ಮನೆ ಕೊಳ್ಳುವಾಗಲೇ ಒಪ್ಪಿಕೊಂಡ ಷರತ್ತುಗಳಾದ್ದರಿಂದ ಸಾಮಾನ್ಯವಾಗಿ ಕೋರ್ಟಿನಲ್ಲೂ ಅವು ನಿಲ್ಲುತ್ತವೆ. ಆಂಟೆನಾ ಒಂದರ ವಿಷಯದಲ್ಲಿ ಮಾತ್ರ ಅಲ್ಲಿನ ಕೇಂದ್ರ ಸರ್ಕಾರ ನಡುವೆ ಬಂದು ಸಂಘಗಳ ಕೈ ಕಟ್ಟಿದೆ. 1996ರಲ್ಲಿ ಅವರ ಸಂಸತ್ತು ಟೆಲಿಕಮ್ಯುನಿಕೇಶನ್ಸ್ ಕಾಯ್ದೆ ಮಾಡಿತು. ಕೇಬಲ್ಲಿನವರಿಗೆ ಡಿಶ್ಶಿನವರು ಪೈಪೋಟಿ ಕೊಡಬೇಕು, ಜನರಿಗೆ ಆಯ್ಕೆ ಇರಬೇಕು ಎಂಬುದು ಅದರ ಹಿಂದಿನ ಲೆಕ್ಕ. ಮನೆ ಮೇಲೆ ಡಿಶ್ ಇಡಲಿಕ್ಕೇ ಸಂಘ ಬಿಡದಿದ್ದರೆ ಪೈಪೋಟಿ ಎಲ್ಲಿಂದ ಬರಬೇಕು? ಆ ಕಾಯ್ದೆಯ 207ನೇ ಕಲಮಿನಂತೆ ಅಲ್ಲಿನ ಟಿ.ವಿ., ಟೆಲಿಫೋನ್ ಸಂಪರ್ಕದ ನಿಯಂತ್ರಕ ಸಂಸ್ಥೆ ಫೆಡರಲ್ ಕಮ್ಯುನಿಕೇಶನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಒಂದು ನಿಯಮ ಹೊರಡಿಸಿತು. 1996ರ ಅಕ್ಟೋಬರ್ 14ರಿಂದ ಅದು ಜಾರಿಯಲ್ಲಿದೆ. ಅಲ್ಲಿಯವರ ಬಾಯಲ್ಲಿ ಅದು 'ಓಟಾರ್ಡ್' (OTARD, ಗಾಳಿಯಲ್ಲಿ ಬರುವ ಸಿಗ್ನಲ್ ಹಿಡಿಯುವ ಸಾಧನಗಳು ಎಂಬುದರ ಇಂಗ್ಲಿಷ್ ಚುಟುಕು ಹೆಸರು) ನಿಯಮ. ಅಳಿಯಂದಿರಿಗೆ ಈ ಒಂದು ಪದ ಹೇಳಿ, ಮಿಕ್ಕಿದ್ದನ್ನು ಅವರೇ ಹುಡುಕಿಕೊಳ್ಳುತ್ತಾರೆ.

ನಿಯಮದ ತಿರುಳು ಇಷ್ಟು. ಸ್ಥಳೀಯ ಚಾನೆಲ್ ಹಿಡಿಯುವ ಕಡ್ಡಿ ಆಂಟೆನಾ ಇರಲಿ, ಅಡ್ಡಳತೆ ಒಂದು ಮೀಟರ್ ಮೀರದ ಡಿಶ್ ಇರಲಿ, ನಿಮ್ಮೊಬ್ಬರ ಸ್ವಾಧೀನದಲ್ಲೇ ಇರುವ ಜಾಗದಲ್ಲಿ ಹಾಕಿಕೊಂಡರೆ ಸಂಘ ತಡೆಯುವಂತಿಲ್ಲ. (ಅಲಾಸ್ಕಾದಲ್ಲಿ ಡಿಶ್ ಎಷ್ಟು ದೊಡ್ಡದಾದರೂ ನಡೆಯುತ್ತದೆ. ಅಷ್ಟು ಉತ್ತರದಲ್ಲಿ ಉಪಗ್ರಹ ದಿಗಂತಕ್ಕೆ ಅಂಟಿಕೊಂಡಂತೆ ಕೆಳಗಿರುತ್ತದೆ, ಸಣ್ಣ ಬುಟ್ಟಿಗೆ ಸಿಗ್ನಲ್ ಸಾಲದು.) ಪೂರ್ತಿ ಬೇಡ ಎನ್ನುವುದಷ್ಟೇ ತಡೆಯಲ್ಲ. ಸಂಘದ ಷರತ್ತಿನಿಂದ ಹಾಕುವುದು ವಿನಾಕಾರಣ ತಡವಾದರೆ, ಖರ್ಚು ವಿಪರೀತ ಏರಿದರೆ, ಇಲ್ಲವೇ ಚಿತ್ರ ಸರಿಯಾಗಿ ಬರದೇ ಹೋದರೆ, ಮೂರರಲ್ಲಿ ಯಾವುದೊಂದಾದರೂ ಆ ಷರತ್ತು ನಿಲ್ಲುವುದಿಲ್ಲ. 'ಮೊದಲು ಅರ್ಜಿ ಹಾಕಿ, ಕಮಿಟಿ ಕೂತು ಒಪ್ಪಲಿ, ಆಮೇಲೆ ಕಟ್ಟಿ' ಎನ್ನುವುದು ಸಾಮಾನ್ಯವಾಗಿ ಈ 'ತಡ'ದ ಲೆಕ್ಕಕ್ಕೇ ಬೀಳುತ್ತದೆ. ನಿಮ್ಮ ಮಗಳಿಗೆ ಬಂದ ಕಾಗದದ ಮೊದಲ ಆಕ್ಷೇಪಣೆ ಅಲ್ಲಿಗೆ ಬಿತ್ತು. 'ಅಂದ ಕೆಡುತ್ತದೆ' ಅನ್ನುವ ಎರಡನೆಯದೂ ತನ್ನಷ್ಟಕ್ಕೆ ಸಾಕಾಗುವುದಿಲ್ಲ.

ಹಾಗೆಂದು ಸಂಘಕ್ಕೆ ಬಾಯಿಯೇ ಇಲ್ಲ ಎಂದಲ್ಲ. ಹಿತ್ತಲ ಕಡೆ ಇಟ್ಟರೂ ಅಷ್ಟೇ ಚೆನ್ನಾಗಿ ಚಿತ್ರ ಬರುತ್ತದೆ, ಹೆಚ್ಚು ಖರ್ಚಿಲ್ಲ ಎಂದಾದರೆ 'ಹಿತ್ತಲಿಗೆ ಸರಿಸಿ' ಎನ್ನಬಹುದು. ಸಿಗ್ನಲ್ಲಿಗೆ ಅಡ್ಡಿಯಾಗದ ಬಣ್ಣ ಬಳಿಯಿರಿ ಎಂದೂ ಕೇಳಬಹುದು. ನಿಜವಾದ ಸುರಕ್ಷತೆಯ ಕಾರಣವಿದ್ದರೆ, ಉದಾಹರಣೆಗೆ ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲಿಗೆ ಅಡ್ಡವಾಗಿ ಇಟ್ಟಿದ್ದರೆ, ಬೇಡ ಎನ್ನಬಹುದು. ಕಂಬ ಸೂರಿಗಿಂತ 12 ಅಡಿ ಮೇಲೆ ಹೋದರೆ ಸ್ಥಳೀಯ ಪರವಾನಗಿ ಕೇಳಬಹುದು. ಐತಿಹಾಸಿಕ ಕಟ್ಟಡಗಳಿಗೂ ವಿನಾಯಿತಿ ಇದೆ. ನಮ್ಮ ಚಿತ್ರದುರ್ಗದ ಕೋಟೆಯ ಸುತ್ತ ಮೊದಲ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು ಗಡಿ ಹಾಕಿರುವುದು ನಿಮಗೆ ಗೊತ್ತಿರಬಹುದು. ಅಲ್ಲಿಯೂ ಪಟ್ಟಿಗೆ ಸೇರಿದ ಹಳೆಯ ಕಟ್ಟಡಗಳಿಗೆ ಅಂಥದೇ ಒಂದು ಕಾವಲು. ಹೊಸ ಬಡಾವಣೆಯ ಮನೆಗೆ ಅದು ಅನ್ವಯಿಸುವ ಮಾತೇ ಇಲ್ಲ.

ಮಗಳಿಗೆ ಧೈರ್ಯ ಬರುವ ವಿಷಯ ದಂಡದ್ದು. ತಕರಾರು ಎಫ್‌ಸಿಸಿ ಮುಂದೋ ಕೋರ್ಟಿನ ಮುಂದೋ ಇತ್ಯರ್ಥಕ್ಕೆ ಹೋಯಿತೆಂದರೆ, ಸುರಕ್ಷತೆ ಮತ್ತು ಐತಿಹಾಸಿಕ ಕಟ್ಟಡದ ಪ್ರಸಂಗ ಬಿಟ್ಟರೆ, ಅದು ಮುಗಿಯುವವರೆಗೆ ದಂಡ ಬೆಳೆಯುವುದಿಲ್ಲ. ತೀರ್ಪು ಮನೆಯವರ ವಿರುದ್ಧವೇ ಬಂದರೂ ಆಂಟೆನಾ ಸರಿಪಡಿಸಲು ಕನಿಷ್ಠ 21 ದಿನ ಕೊಡಬೇಕು. ಅಷ್ಟರೊಳಗೆ ಸರಿಪಡಿಸಿದರೆ, ವಾದ ತೀರಾ ಹುರುಳಿಲ್ಲದ್ದಾಗಿರದಿದ್ದರೆ, ದಂಡ ವಸೂಲಿ ಮಾಡುವಂತಿಲ್ಲ. ಇನ್ನೊಂದು: ನಿಯಮ ನ್ಯಾಯವಾಗಿದೆ ಎಂದು ಸಾಬೀತು ಮಾಡುವ ಹೊರೆ ಸಂಘದ ಮೇಲೆ. ನಿಮ್ಮ ಅಳಿಯ ತಮ್ಮ ಮುಗ್ಧತೆ ಸಾಬೀತು ಮಾಡಬೇಕಿಲ್ಲ. ಈ ಕೊನೆಯ ಮಾತು ವಕೀಲನಾಗಿ ನನಗೆ ಬಹಳ ರುಚಿಸುತ್ತದೆ. ನಮ್ಮಲ್ಲಿ ಸಂಘದ ಮುಂದೆ ಸದಸ್ಯನೇ ಯಾವಾಗಲೂ ಕೈಕಟ್ಟಿ ನಿಂತಿರುತ್ತಾನೆ.

ಆದ್ದರಿಂದ ಅಳಿಯಂದಿರು ಒಂದು ಪುಟದ ಉತ್ತರ ಬರೆಯಲಿ. ಡಿಶ್ಶಿನ ಅಡ್ಡಳತೆ, ಸೂರಿನಿಂದ ಕಂಬದ ಎತ್ತರ, ಅದು ನಿಂತಿರುವುದು ತಮ್ಮದೇ ಸೂರಿನ ಮೇಲೆ ಎಂಬುದು, ಓಟಾರ್ಡ್ ನಿಯಮದ ಹೆಸರು, ಎರಡು ಫೋಟೊ. ಸಿಗ್ನಲ್ ಕೆಡದಂತೆ ಬೇರೆ ಜಾಗ ತೋರಿಸಿದರೆ ಸರಿಸಲು ತಯಾರು ಎಂಬ ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು. ಬರೆಯುವ ಮುಂಚೆ ಒಂದನ್ನು ಖಾತ್ರಿ ಮಾಡಿಕೊಳ್ಳಲಿ: ಆ ಸೂರು ನಿಜಕ್ಕೂ ಅವರದೇನಾ? ಸಾಲುಮನೆಗಳಲ್ಲಿ ಕೆಲವು ಕಡೆ ಒಳಗಿನ ಮನೆ ನಿಮ್ಮದು, ಸೂರು ಮಾತ್ರ ಸಂಘದ್ದು ಎಂದಿರುತ್ತದೆ. ಹಾಗಿದ್ದರೆ ಇಷ್ಟೂ ವಾದ ಕೈಕೊಡುತ್ತದೆ, ಏಕೆಂದರೆ ಎಲ್ಲರಿಗೂ ಸೇರಿದ ಜಾಗಕ್ಕೆ ಈ ನಿಯಮ ಕಾಲಿಡುವುದಿಲ್ಲ.

ಅಂದಹಾಗೆ, ಹಳೇ ಥರದ ಕಡ್ಡಿ ಎಂದು ಕಡೆಗಣಿಸಬೇಡಿ. ಅಲ್ಲಿನ ದೊಡ್ಡ ಸ್ಟೇಷನ್‌ಗಳೆಲ್ಲ 2009ರ ಜೂನ್ 12ರ ಹೊತ್ತಿಗೆ ಡಿಜಿಟಲ್ ಆದವು. ಆ ಕಡ್ಡಿಯಲ್ಲಿ ಬರುವ ಚಿತ್ರ ಕನ್ನಡಿಯಂತಿರುತ್ತದೆ, ತಿಂಗಳ ಬಿಲ್ಲೂ ಇಲ್ಲ. ಅಳಿಯ ಲೆಕ್ಕ ಬಲ್ಲವರು.

ಪ್ರಶ್ನೆ: ನಮ್ಮದು ಹದಡಿ ರಸ್ತೆ ಕಡೆಯ ಅಪಾರ್ಟ್‌ಮೆಂಟ್, 24 ಮನೆ. ನಾನು ಎರಡನೇ ಮಹಡಿ. ಎಂಟು ವರ್ಷದಿಂದ ತಾರಸಿ ಮೇಲೆ ನನ್ನ ಡಿಶ್ ಇತ್ತು. ಹೊಸ ಸೆಕ್ರೆಟರಿ ಬಂದವರು ವಾಟರ್‌ಪ್ರೂಫಿಂಗ್ ಮಾಡಿಸಬೇಕೆಂದು ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲು ಹಾಕಿ, ಮೂರನೇ ದಿನಕ್ಕೆ ಹನ್ನೊಂದು ಡಿಶ್ ಕಿತ್ತು ಜನರೇಟರ್ ಪಕ್ಕ ಗುಡ್ಡೆ ಹಾಕಿಸಿದ್ದಾರೆ. ವೈರೆಲ್ಲ ಕತ್ತರಿಸಿದ್ದಾರೆ. ನನ್ನ ಡಿಶ್ಶಿನ ಮುಂದಿನ ಸಿಗ್ನಲ್ ಹಿಡಿಯುವ ಡಬ್ಬಿ, ಅದೇ ಎಲ್‌ಎನ್‌ಬಿ ಒಡೆದಿದೆ. ಕೇಳಿದರೆ 'ಬೈಲಾ ಓದ್ರಿ, ಇನ್ಮೇಲೆ ಎಲ್ಲರೂ ಒಂದೇ ಕೇಬಲ್' ಅಂತಾರೆ. ಟಿ.ವಿ. ನೋಡೋ ಹಕ್ಕು ಸಂವಿಧಾನ ಕೊಟ್ಟಿದ್ದಲ್ವಾ? ಪೊಲೀಸ್ ಕಂಪ್ಲೇಂಟ್ ಕೊಡಲಾ?
- ಹೆಸರು ಬೇಡ, ದಾವಣಗೆರೆ

ಉತ್ತರ: ಕೊಡಬೇಡಿ. ಠಾಣೆಯಲ್ಲಿ ನಿಮ್ಮಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ 'ಒಂದೇ ಕಟ್ಟಡದಾಗ ಇರೋರು, ಮಾತಾಡ್ಕೊಂಡು ಹೋಗ್ರಿ' ಎಂದು ಕಳಿಸುತ್ತಾರೆ. ಅಷ್ಟು ಹೊತ್ತಿಗೆ ಲಿಫ್ಟಿನಲ್ಲಿ ಮುಖ ನೋಡುವ ಹಾಗೂ ಇರುವುದಿಲ್ಲ.

ಮೊದಲು ಸಂವಿಧಾನ. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ದೊಡ್ಡ ಮಾತು ಹೇಳಿದ್ದು ನಿಜ. ಬಾನತರಂಗ ಸಾರ್ವಜನಿಕ ಸ್ವತ್ತು, ಮಾಹಿತಿ ಪಡೆಯುವುದೂ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು. ಆದರೆ ಆ ಹಕ್ಕು ಹಿಡಿದು ನೀವು ಎದುರಿಗೆ ನಿಲ್ಲಬೇಕಾದ್ದು ಸರ್ಕಾರದ ಮುಂದೆ, ನಿಮ್ಮ ಸೆಕ್ರೆಟರಿಯ ಮುಂದಲ್ಲ. ಮೇಲಿನ ತಾಯಿಯ ಮಗಳಿಗೆ ಇರುವಂಥ, ಡಿಶ್ಶಿಗೆಂದೇ ಮಾಡಿದ ಕಾನೂನು ನಮ್ಮಲ್ಲಿ ಇಲ್ಲ. ನಮ್ಮಲ್ಲಿ ನೋಡಬೇಕಾದ್ದು ನಿಮ್ಮ ಕ್ರಯಪತ್ರ, ಅಪಾರ್ಟ್‌ಮೆಂಟಿನ ಘೋಷಣಾ ಪತ್ರ ಮತ್ತು ಬೈಲಾ.

ತಾರಸಿ ಯಾರದು? ಬಿಲ್ಡರು ಯಾರಿಗಾದರೂ ಬರೆದುಕೊಟ್ಟಿಲ್ಲದಿದ್ದರೆ ಎಲ್ಲರದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಛಾವಣಿ, ಮುಖ್ಯ ಗೋಡೆ, ಮೆಟ್ಟಿಲು ಇವನ್ನೆಲ್ಲ ಸಾಮಾನ್ಯ ಜಾಗಗಳ ಪಟ್ಟಿಗೆ ಸೇರಿಸಿದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯೂ ತಾರಸಿಯನ್ನು ಹೆಸರು ಹಿಡಿದೇ ಹೇಳುತ್ತದೆ. ಎಲ್ಲರದೂ ಎಂದರೆ ನಿಮ್ಮದೂ ಹೌದು, ನಿಮ್ಮೊಬ್ಬರದಲ್ಲ. ಇತರರ ಹಕ್ಕಿಗೆ ಅಡ್ಡಿಯಾಗದಂತೆ, ಆ ಜಾಗ ಯಾತಕ್ಕಿದೆಯೋ ಅದಕ್ಕೆ ಬಳಸಬಹುದು. ಕಟ್ಟಡದ ಭದ್ರತೆಗೆ ಕುಂದು ತರುವ ಕೆಲಸ ಮಾಡಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ನಾನು ಓದಿದ ಬೈಲಾಗಳಲ್ಲಿ ಮತ್ತೆ ಮತ್ತೆ ಕಂಡ ಒಂದು ಸಾಲೂ ಇದೆ: ಹೊರಗೋಡೆ ಅಥವಾ ಛಾವಣಿಯಿಂದ ಹೊರಚಾಚುವಂತೆ ವೈರಿಂಗ್, ಟಿ.ವಿ. ಆಂಟೆನಾ, ಎ.ಸಿ. ಯಂತ್ರ ಇವನ್ನು ಸಂಘದ ಒಪ್ಪಿಗೆ ಇಲ್ಲದೆ ಹಾಕಕೂಡದು. ನಿಮ್ಮದರಲ್ಲೂ ಇರಬಹುದು, ಓದಿ ನೋಡಿ. ಇದ್ದರೆ ಸೆಕ್ರೆಟರಿ ತೀರಾ ಗಾಳಿಯಲ್ಲಿ ಗುಂಡು ಹಾರಿಸುತ್ತಿಲ್ಲ.

ಅವರ ಪರವಾಗಿ ಇನ್ನೊಂದು ಮಾತು. ನಾನು ಕಟ್ಟಿದವನು, ನನಗೆ ಗೊತ್ತು. ಒಂದು ಡಿಶ್ಶಿನ ಕಾಲಿಗೆ ಮೂರೋ ನಾಲ್ಕೋ ಆಂಕರ್ ಬೋಲ್ಟ್. ಹನ್ನೊಂದು ಡಿಶ್ಶಿಗೆ ಸ್ಲ್ಯಾಬಿನಲ್ಲಿ ಮೂವತ್ತಕ್ಕೂ ಹೆಚ್ಚು ತೂತು. ಕನೆಕ್ಷನ್ ಬಿಟ್ಟವರು ಡಿಶ್ ಬಿಚ್ಚಿಕೊಂಡು ಹೋದರೂ ತೂತು ಮುಚ್ಚುವುದಿಲ್ಲ. ಮಳೆಗಾಲ ಬಂದಾಗ ಕಡೇ ಮಹಡಿಯವರ ದೇವರಮನೆಯ ಮೂಲೆಯಲ್ಲಿ ಮೊದಲು ಒಂದು ಹಳದಿ ಕಲೆ, ಆಮೇಲೆ ಬಣ್ಣ ಹೊಪ್ಪಳ ಏಳುವುದು, ಆಮೇಲೆ ತೊಟ್ಟಿಕ್ಕುವುದು. ಆ ಮನೆಯವರು ಎಷ್ಟು ವರ್ಷ ಸಭೆಯಲ್ಲಿ ಗೋಳಾಡಿದ್ದಾರೆ ಎಂದು ಒಮ್ಮೆ ವಿಚಾರಿಸಿ.

ಸೆಕ್ರೆಟರಿ ತಪ್ಪಿದ್ದು ರೀತಿಯಲ್ಲಿ. ಬೈಲಾ ಅವರಿಗೆ ಒಪ್ಪಿಗೆ ಕೊಡುವ, ನಿರಾಕರಿಸುವ ಅಧಿಕಾರ ಕೊಡಬಹುದು. ನಿಮ್ಮ ವಸ್ತು ಒಡೆಯುವ ಅಧಿಕಾರ ಕೊಡುವುದಿಲ್ಲ. ಎಂಟು ವರ್ಷ ಕಣ್ಣೆದುರೇ ಇದ್ದದ್ದನ್ನು ತೆಗೆಯುವಾಗ ಲಿಖಿತ ನೋಟಿಸು, ಒಂದಿಷ್ಟು ಕಾಲಾವಕಾಶ ಬೇಕಿತ್ತು. ವಾಟ್ಸಾಪಿನ ಎರಡು ಸಾಲು ಸಾಲದು. ಒಡೆದ ಎಲ್‌ಎನ್‌ಬಿ, ಕತ್ತರಿಸಿದ ವೈರು, ಮತ್ತೆ ಕಟ್ಟುವ ಕೂಲಿ ಇಷ್ಟನ್ನೂ ರಸೀದಿ ಸಮೇತ ಬರೆದು ಸಂಘಕ್ಕೆ ಕೊಡಿ, ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಮಿಕ್ಕ ಹತ್ತು ಮನೆಯವರ ಸಹಿಯೂ ಅದರಲ್ಲಿದ್ದರೆ ತೂಕವೇ ಬೇರೆ. 'ಎಲ್ಲರೂ ಒಂದೇ ಕೇಬಲ್' ಎನ್ನುವುದಂತೂ ಸಂಘದ ಗಡಿ ದಾಟಿದ ಮಾತು. ತಾರಸಿಯ ಮೇಲೆ ಅಧಿಕಾರ ಇದೆ ಎಂದ ಮಾತ್ರಕ್ಕೆ ನಿಮ್ಮ ಹಾಲಿನ ಟಿ.ವಿ. ಕೆಳಗೆ ಯಾರ ಬಾಕ್ಸ್ ಕೂರಬೇಕು ಎಂದು ಹೇಳುವ ಅಧಿಕಾರ ಬರುವುದಿಲ್ಲ. ಆ ಕೇಬಲ್ಲಿನವರ ಜೊತೆ ಸಂಘ ಮಾಡಿಕೊಂಡ ಒಪ್ಪಂದದ ಪ್ರತಿ ಕೇಳಿ. ಕೇಳಿದಾಗ ಮುಖ ಹೇಗಾಗುತ್ತದೆ ನೋಡಿ.

ಸರ್ವಸದಸ್ಯರ ಸಭೆಗೆ ಹೋಗುವಾಗ ಬರಿ ದೂರು ಒಯ್ಯಬೇಡಿ, ದಾರಿಯನ್ನೂ ಒಯ್ಯಿರಿ. ತಾರಸಿಯಲ್ಲಿ ತೂತು ಕೊರೆಯದೆ, ಕಾಂಕ್ರೀಟ್ ಬ್ಲಾಕಿನ ಭಾರದ ಮೇಲೆ ನಿಲ್ಲುವ ಒಂದು ಕಬ್ಬಿಣದ ಚೌಕಟ್ಟು. ಅದರ ಮೇಲೆ ಒಂದೊಂದು ಕಂಪನಿಗೆ ಒಂದೊಂದೇ ಡಿಶ್. ಮಲ್ಟಿಸ್ವಿಚ್ ಎಂಬ ಪೆಟ್ಟಿಗೆ ಹಾಕಿದರೆ ಒಂದೇ ಡಿಶ್ಶಿನಿಂದ ಎಂಟು, ಹದಿನಾರು ಮನೆಗೆ ಲೈನ್ ಇಳಿಸಬಹುದು. ವೈರು ಗೋಡೆಯ ಮೇಲೆ ಜೋತಾಡದೆ ಡಕ್ಟಿನೊಳಗೆ ಇಳಿಯುತ್ತದೆ. ಖರ್ಚು ಬಳಸುವವರು ಹಂಚಿಕೊಳ್ಳಲಿ.

ಬಾಲ್ಕನಿಯಲ್ಲೇ ಇಟ್ಟುಕೊಳ್ಳುತ್ತೇನೆ ಎನ್ನುತ್ತೀರೋ? ಜಗಳ ಶುರು ಮಾಡುವ ಮುಂಚೆ ನಿಮ್ಮ ಬಾಲ್ಕನಿಗೆ ಉಪಗ್ರಹ ಕಾಣುತ್ತದೆಯೇ ನೋಡಿ. ದೂರದರ್ಶನದ ಫ್ರೀ ಡಿಶ್ ಬರುವ ಜಿಸ್ಯಾಟ್-15 ನಿಂತಿರುವುದು 93.5 ಡಿಗ್ರಿ ಪೂರ್ವ ರೇಖಾಂಶದ ನೆತ್ತಿಯಲ್ಲಿ, ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ. ದಾವಣಗೆರೆಯಿಂದ ನೋಡಿದರೆ ಅದು ಹೆಚ್ಚುಕಡಿಮೆ ಆಗ್ನೇಯ, ದಿಗಂತದಿಂದ 63 ಡಿಗ್ರಿಯಷ್ಟು ಮೇಲೆ. ಬೇರೆ ಕಂಪನಿಗಳ ಉಪಗ್ರಹಗಳೂ ಅದರ ಆಚೀಚೆಯೇ. ಅಂದರೆ ವಾಸ್ತುವಿನವರು ಅಡುಗೆಮನೆ ಇಡುವ ಮೂಲೆಗೇ ನಿಮ್ಮ ಡಿಶ್ಶೂ ಮುಖ ಮಾಡಬೇಕು, ಅದೂ ಕತ್ತೆತ್ತಿ. ಪಶ್ಚಿಮದ ಬಾಲ್ಕನಿಗೆ ಹೈಕೋರ್ಟೇ ಅನುಮತಿ ಕೊಟ್ಟರೂ ಚಿತ್ರ ಬರುವುದಿಲ್ಲ. ಪೂರ್ವದ್ದಾದರೂ ಮೇಲಿನ ಮಹಡಿಯ ಬಾಲ್ಕನಿ ಅಡ್ಡ ಬರಬಹುದು. ಯಂತ್ರ ಬೇಡ, ಒಂದು ಸುಲಭದ ಪರೀಕ್ಷೆ ಇದೆ. ಮಾರ್ಚ್ ಎರಡನೇ ವಾರ, ಇಲ್ಲವೇ ಸೆಪ್ಟೆಂಬರ್ ಕೊನೆಯಲ್ಲಿ ಬೆಳಿಗ್ಗೆ ಹನ್ನೊಂದರ ಆಸುಪಾಸು ಸೂರ್ಯ ಹೆಚ್ಚುಕಡಿಮೆ ಆ ಉಪಗ್ರಹದ ದಿಕ್ಕಿನಲ್ಲೇ ಇರುತ್ತಾನೆ. ಆ ಹೊತ್ತಿಗೆ ಬಾಲ್ಕನಿಯಲ್ಲಿ ಎಲ್ಲಿ ಬಿಸಿಲು ಬೀಳುತ್ತದೋ ಅಲ್ಲಿ ಡಿಶ್ ಕೆಲಸ ಮಾಡುತ್ತದೆ. ಬಿಸಿಲೇ ಬೀಳದಿದ್ದರೆ ಆ ಬಾಲ್ಕನಿಗಾಗಿ ಹೊಡೆದಾಡಬೇಡಿ. ಬಿದ್ದರೆ, ಗ್ರಿಲ್ಲಿನ ಒಳಗೇ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಬೈಲಾದ ಮಾತು ಹೊರಚಾಚುವುದರ ಬಗ್ಗೆ ಆಗಿದ್ದರೆ ಒಳಗಿನದಕ್ಕೆ ಅದು ತಾಗುವುದು ಕಷ್ಟ.

ಪ್ರಶ್ನೆ: ಶಾಮನೂರು ರಸ್ತೆ ಕಡೆ 30x40 ಸೈಟಿನಲ್ಲಿ ಸ್ವಂತ ಮನೆ ಕಟ್ಟಿಸಿದ್ದೇನೆ. ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು 'ರಸ್ತೆಗೆ ಕಾಣುವ ಹಾಗೆ ಡಿಶ್ ಇಡಬಾರದು' ಎಂದು ಠರಾವು ಮಾಡಿ ಎಲ್ಲರ ಗೇಟಿಗೂ ಅಂಟಿಸಿದ್ದಾರೆ. ಇದಕ್ಕೆ ಬೆಲೆ ಇದೆಯೇ?
- ನಿವೃತ್ತ ಗುಮಾಸ್ತ, ದಾವಣಗೆರೆ

ಉತ್ತರ: ಅಂಟಿಸಿದ ಗೋಂದಿಗಿರುವಷ್ಟು. ಬಡಾವಣೆಯ ಸಂಘ ಅಂದರೆ ಗಣಪತಿ ಕೂರಿಸಲು, ಬೀದಿ ದೀಪಕ್ಕೆ, ಪಾರ್ಕಿನ ಬೇಲಿಗೆ ಪಾಲಿಕೆಯ ಬೆನ್ನು ಹತ್ತಲು ನೋಂದಾಯಿಸಿಕೊಂಡ ಸಂಘ. ಸೈಟು ನಿಮ್ಮ ಹೆಸರಿಗೆ ನೋಂದಣಿಯಾಗಿದೆ, ತಾರಸಿ ಪೂರ್ತಿ ನಿಮ್ಮದು. ಸದಸ್ಯರಾಗಿದ್ದರೆ ನಿಯಮ ಮುರಿದಿರಿ ಎಂದು ಹೆಚ್ಚೆಂದರೆ ಸದಸ್ಯತ್ವದ ವಿಷಯ ಎತ್ತಬಹುದೇ ಹೊರತು ನಿಮ್ಮ ಮೆಟ್ಟಿಲು ಹತ್ತುವಂತಿಲ್ಲ. ಮನೆಯ ಎತ್ತರ, ಸೆಟ್‌ಬ್ಯಾಕು ಕೇಳುವ ಅಧಿಕಾರ ಮಹಾನಗರ ಪಾಲಿಕೆಗೆ, ಬಡಾವಣೆಯ ನಕ್ಷೆಯ ವಿಷಯ ನಗರಾಭಿವೃದ್ಧಿ ಪ್ರಾಧಿಕಾರವಾದ ದೂಡಾಕ್ಕೆ.

ಒಂದೇ ಒಂದು ಎಚ್ಚರ. ಖಾಸಗಿ ಬಡಾವಣೆಯಾಗಿದ್ದರೆ ಕ್ರಯಪತ್ರ ತೆಗೆದು ಕೊನೆಯ ಪುಟಗಳ ಷರತ್ತುಗಳನ್ನು ಓದಿ. ಗೇಟು ಹಾಕಿದ ಹೊಸ ಬಡಾವಣೆಗಳಲ್ಲಿ 'ಕೊಂಡವರು ಸಂಘದ ನಿಯಮಗಳಿಗೆ ಬದ್ಧರು' ಎಂಬ ಸಾಲನ್ನು ಈಚೆಗೆ ಸೇರಿಸುತ್ತಿದ್ದಾರೆ. ಅದಿದ್ದರೆ ನನ್ನ ಉತ್ತರ ಇಷ್ಟು ಸಲೀಸಾಗಿ ಇರುವುದಿಲ್ಲ, ಪತ್ರದ ಪ್ರತಿ ಕಳಿಸಿ. ನಲವತ್ತು ವರ್ಷ ಬೇರೆಯವರ ಕಡತ ಓದಿದ ನೀವು ನಿಮ್ಮ ಕ್ರಯಪತ್ರ ಓದಿಲ್ಲ ಎಂದು ನನ್ನ ಗುಮಾನಿ. ನಾನೂ ನನ್ನದನ್ನು ಬಹಳ ವರ್ಷ ಓದಿರಲಿಲ್ಲ.

ಪ್ರಶ್ನೆ: ನಿಟುವಳ್ಳಿಯಲ್ಲಿ ಬಾಡಿಗೆಗಿದ್ದೇವೆ. ಡಿಶ್ ಹಾಕೋಕೆ ಮನೆ ಓನರ್ ಆಂಟಿ ಬಿಡ್ತಿಲ್ಲ.
- ಒಬ್ಬ ನರ್ಸ್

ಉತ್ತರ: ಅಮೆರಿಕದಲ್ಲಿ 1999ರಿಂದ ಬಾಡಿಗೆದಾರರಿಗೂ ತಮ್ಮ ಬಾಲ್ಕನಿಯೊಳಗೆ ಡಿಶ್ ಇಡುವ ರಕ್ಷಣೆ ಇದೆ. ನಮ್ಮಲ್ಲಿ ಕರಾರುಪತ್ರವೇ ಗತಿ. ಅದರಲ್ಲಿ ಡಿಶ್ ಮಾತೇ ಇಲ್ಲದಿದ್ದರೆ ಆಂಟಿಯ ತಾರಸಿ ಆಂಟಿಯದೇ. ಅವರ ಭಯ ತೂತಿನದೋ, ಹುಡುಗರು ತಾರಸಿ ಹತ್ತಿ ನೀರಿನ ಟ್ಯಾಂಕಿನ ಪೈಪು ತುಳಿಯುತ್ತಾರೆ ಎಂಬುದೋ, ಮೊದಲು ತಿಳಿದುಕೊಳ್ಳಮ್ಮ. ಸಿಮೆಂಟ್ ಬ್ಲಾಕಿನ ಮೇಲೆ ಇಡುತ್ತೇವೆ, ಬಿಡುವಾಗ ಒಯ್ಯುತ್ತೇವೆ ಎಂದು ಮುಂದಿನ ಹನ್ನೊಂದು ತಿಂಗಳ ಕರಾರಿನಲ್ಲಿ ಒಂದು ಸಾಲು ಬರೆಸಿಬಿಡು.

ಪ್ರಶ್ನೆ: ಚಿತ್ರದುರ್ಗದ ಹಳೇ ಊರಿನಲ್ಲಿ ನಮ್ಮ ಪಕ್ಕದ ಮನೆಯವರ ಮಾಳಿಗೆಯಲ್ಲಿ ಇಪ್ಪತ್ತಡಿಯ ಹಳೇ ಆಂಟೆನಾ ಪೈಪು ಇದೆ. ಕೋತಿಗಳು ಜೋತಾಡಿ ಜೋತಾಡಿ ಅದು ನಮ್ಮ ಕಡೆ ವಾಲಿದೆ. ಎರಡೂ ಮನೆಯ ಮುಂದೆ ಕರೆಂಟಿನ ತಂತಿ ಹೋಗಿದೆ. ತೆಗೆಯಿರಿ ಎಂದರೆ ಆ ಅಜ್ಜ 'ನನ್ನ ಮನೆ ಮೇಲೆ ನನ್ನ ಆಂಟೆನಾ, ನನ್ನ ಹಕ್ಕು' ಅಂತಾರೆ. ಟಿ.ವಿ. ಅದಕ್ಕೆ ಸೇರಿಸಿಯೇ ಇಲ್ಲ.
- ಗೃಹಿಣಿ, ಚಿತ್ರದುರ್ಗ

ಉತ್ತರ: ಹಕ್ಕಿನ ಮಾತು ಇಲ್ಲಿಗೆ ನಿಲ್ಲುತ್ತದೆ. ನೆರೆಯವರ ತಲೆಯ ಮೇಲೆ ಬೀಳುವ ವಸ್ತು ಇಟ್ಟುಕೊಳ್ಳುವ ಹಕ್ಕು ಯಾವ ದೇಶದ ಕಾನೂನಿನಲ್ಲೂ ಇಲ್ಲ. ಬಿದ್ದು ಹಾನಿಯಾದರೆ ಅಜ್ಜನೇ ಪರಿಹಾರ ಕೊಡಬೇಕಾಗುತ್ತದೆ. ಅದನ್ನು ಬೀಳುವ ಮೊದಲೇ ಒಂದು ಕಾಗದದಲ್ಲಿ ಬರೆದು ಅವರ ಕೈಗೆ ಕೊಟ್ಟಿರಿ.

ಅಜ್ಜನಿಗೆ ಇನ್ನೊಂದನ್ನೂ ಮೆತ್ತಗೆ ಹೇಳಿ. ಆ ಕಡ್ಡಿಗೆ ಸಿಗ್ನಲ್ ಕಳಿಸುತ್ತಿದ್ದ ದೂರದರ್ಶನದ ಹಳೇ ಟ್ರಾನ್ಸ್‌ಮಿಟರುಗಳನ್ನು, ಆಯ್ದ ಕೆಲವನ್ನು ಬಿಟ್ಟು, ಹಂತಹಂತವಾಗಿ ಮುಚ್ಚಿದ್ದಾರೆ. ಈಗ ಅದೇ ದೂರದರ್ಶನ ಬೇಕಾದರೆ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಶುರುವಾದದ್ದು, ತಿಂಗಳ ಬಾಡಿಗೆ ಇಲ್ಲ. ಬುಟ್ಟಿ, ಬಾಕ್ಸ್ ಕೊಂಡರೆ ಮುಗಿಯಿತು. ಬುಟ್ಟಿಯನ್ನು ಪ್ಯಾರಪೆಟ್ಟಿನ ಒಳಗೆ ಮೊಣಕಾಲೆತ್ತರಕ್ಕೆ ಕಟ್ಟಿದರೂ ಸಾಕು, ಇಪ್ಪತ್ತಡಿಯ ಕೆಲಸವೇ ಇಲ್ಲ. ಕೋತಿಗೂ ಜೋತಾಡಲು ಏನೂ ಸಿಗುವುದಿಲ್ಲ.

ಆದರೆ ಆ ಪೈಪು ಇಳಿಸಲು ಮಗನನ್ನೋ ಮೊಮ್ಮಗನನ್ನೋ ಹತ್ತಿಸಬೇಡಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಮನೆಯಲ್ಲಿ ಪೈಪು ಇಳಿಸುತ್ತಿದ್ದೆವು. ಬುಡದ ಬೋಲ್ಟು ಬಿಚ್ಚಿ, ಇಬ್ಬರು ಹಿಡಿದು, ಮೆಲ್ಲಗೆ ಒರಗಿಸಬೇಕು. ಪೈಪು ನೆಟ್ಟಗೆ ನಿಂತಿದ್ದಾಗ ಹಗುರ. ಒರಗಲು ಶುರುವಾದ ಕೂಡಲೇ ತುದಿಯ ಭಾರವೆಲ್ಲ ಕೈಗೆ ಬರುತ್ತದೆ, ಅದು ತಾನು ಹೇಳಿದ ಕಡೆಗೇ ಹೋಗುತ್ತದೆ. ನಮ್ಮದು ಬೀದಿ ಕಡೆ ಹೋಯಿತು. ಅಂಗಡಿಯ ಯಜಮಾನರು 'ಬಿಡೋ, ಕೈ ಬಿಡೋ' ಎಂದು ಕೂಗಿದರು. ಬಿಟ್ಟೆ. ಪೈಪು ತಂತಿಯ ಮೇಲೆ ಬಿದ್ದು ನೀಲಿ ಬೆಳಕು ಎದ್ದು, ಇಡೀ ಓಣಿಯ ಕರೆಂಟು ಹೋಯಿತು. ಅರ್ಧ ನಿಮಿಷ ತಡವಾಗಿ ಬಿಟ್ಟಿದ್ದರೆ ಈ ಅಂಕಣ ಬೇರೆಯವರು ಬರೆಯುತ್ತಿದ್ದರು. ಯಜಮಾನರು ಆವತ್ತು ಬೈಯಲಿಲ್ಲ. ಚಹಾ ಕುಡಿಸಿ, ಲೋಟ ಹಿಡಿದ ನನ್ನ ಕೈ ನಡುಗುವುದು ನಿಲ್ಲುವವರೆಗೂ ಅಂಗಡಿಯ ಮುಂದೆ ಕೂರಿಸಿಕೊಂಡಿದ್ದರು.

ಬೆಸ್ಕಾಂ ಕಚೇರಿಗೆ ಅಜ್ಜನ ಸಹಿಯೂ ನಿಮ್ಮ ಸಹಿಯೂ ಇರುವ ಒಂದು ಅರ್ಜಿ ಕೊಡಿ. ಲೈನ್‌ಮನ್ ಬಂದು ಲೈನು ಆಫ್ ಮಾಡಿ, ಆಫ್ ಆಗಿದೆ ಎಂದು ಖಾತ್ರಿಪಡಿಸಿಕೊಂಡ ಮೇಲೆ ಕೆಲಸದವರು ಹತ್ತಲಿ. ಬುಡದ ಬೋಲ್ಟು ತುಕ್ಕು ಹಿಡಿದು ತಿರುಗುವುದಿಲ್ಲ. ಹಿಂದಿನ ರಾತ್ರಿಯೇ ಸೀಮೆಎಣ್ಣೆ ಹಾಕಿ ಬಿಟ್ಟಿರಿ.